ಅರ್ಧ ಲೋಡು ಬಂದ ದಿನ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಬುಕಿಂಗ್ ಬರೆದುಕೊಳ್ಳುತ್ತಿದ್ದೆ. ಹೊಸ ಸಂಪರ್ಕ ಕೇಳುವವರು ಹೆಚ್ಚುತ್ತಲೇ ಇದ್ದರು, ಬರುವ ಸಿಲಿಂಡರ್ ಮಾತ್ರ ಅಷ್ಟೇ. ಒಮ್ಮೆ ಮೂರು ವಾರ ಲಾರಿಯೇ ಬರಲಿಲ್ಲ. “ನಾಳೆ ಬರ್ಬೋದು ರೀ” ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗತೊಡಗಿತ್ತು.

ಕೊನೆಗೊಂದು ಬೆಳಿಗ್ಗೆ ಲಾರಿ ಬಂತು. ಅದರಲ್ಲಿದ್ದದ್ದು ಅರ್ಧ ಲೋಡು. ಏಜೆನ್ಸಿಯ ಯಜಮಾನರು ಊರಲ್ಲಿರಲಿಲ್ಲ. ಹಿಂದಿನ ಸಲ ಹೀಗಾದಾಗ ಯಾರೋ ಕಿಟಕಿಯ ಗಾಜು ಒಡೆದಿದ್ದರು. ಈ ಸಲವೂ ಖಾಲಿ ಸಿಲಿಂಡರ್ ಹಿಡಿದವರ ಸಾಲು ಆಗಲೇ ರಸ್ತೆಯವರೆಗೆ ಬೆಳೆದಿತ್ತು.

ಸಾಲಿನ ಕೊನೆಯಲ್ಲಿ ರಾಂಪುರದಿಂದ ಮೊದಲ ಬಸ್ಸಿಗೆ ಖಾಲಿ ಸಿಲಿಂಡರ್ ಹಾಕಿಕೊಂಡು ಬಂದ ಒಬ್ಬ ಹೆಂಗಸಿದ್ದಳು. ಕಿಟಕಿಯ ಬಳಿ ಬಂದು ಮೆಲ್ಲಗೆ ಹೇಳಿದಳು: “ಮಗಳು ಹೆತ್ತು ಎಂಟು ದಿನ ಆತವ್ವ. ಒಂದೇ ಕೋಣೆ, ಒಲೆ ಹಚ್ಚಿದ್ರೆ ಹೊಗೆ. ಕೂಸು ಕೆಮ್ತೈತೆ.”

ಪಟ್ಟಿಯಲ್ಲಿ ಅವಳ ಸರದಿ ಬಹಳ ಕೆಳಗಿತ್ತು. ಸರದಿ ತಪ್ಪಿಸಿ ಕೊಟ್ಟರೆ ಜಗಳ ಖಂಡಿತ. ನಾನು ಹೊರಗೆ ಬಂದು ಸ್ಟೂಲಿನ ಮೇಲೆ ನಿಂತೆ.

“ಅರ್ಧ ಲೋಡೇ ಬಂದಿರೋದು. ಮನೇಲಿ ಇನ್ನೊಂದು ತುಂಬಿದ್ದು ಇರೋರು ಮುಂದಿನ ಲಾರಿ ತನಕ ತಡ್ಕೊಂತೀರಾ? ಬಾಣಂತಿ ಮನೆಯೋರು ಬಂದವ್ರೆ.”

“ಅದನ್ನ ಯಾರು ಒಪ್ಕೊಂತಾರೆ?” ಎಂದು ಯಾರೋ ನಕ್ಕರು. ಎರಡೆರಡು ಸಿಲಿಂಡರ್ ಇದ್ದವರು ಯಾರೆಂಬುದು ನನ್ನ ರಿಜಿಸ್ಟರಿನಲ್ಲೇ ಇತ್ತು. ಓದಿಬಿಡಲೇ ಅನ್ನಿಸಿತು, ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಸಾಲಿನ ಮೊದಲಲ್ಲಿದ್ದ ಎಣ್ಣೆ ಮಿಲ್ಲಿನ ಹಿರಿಯರು, “ನಮ್ಮನೇಲಿ ಒಂದೈತಮ್ಮ, ನನ್ನ ಹೆಸರು ಹೊಡೆದಾಕಿ ಬಾಣಂತಿ ಮನೆಗೆ ಕೊಡು” ಎಂದು ತಮ್ಮ ಖಾಲಿ ಸಿಲಿಂಡರನ್ನು ಪಕ್ಕಕ್ಕೆ ಉರುಳಿಸಿದರು. ಹಿಂದೆ ನಿಂತಿದ್ದ ಟೀಚರಮ್ಮ, “ನಂದೂ” ಎಂದರು. ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು. ಇದ್ದೂ ಸುಮ್ಮನೆ ನಿಂತವರೂ ಇದ್ದರು. ಅವರಿಗೆ ಏನೂ ಅನ್ನದೆ ಸರದಿಯ ಪ್ರಕಾರ ಕೊಟ್ಟೆ.

ರಾಂಪುರದವಳು ತುಂಬಿದ ಸಿಲಿಂಡರನ್ನು ತಬ್ಬಿಕೊಂಡೇ ಬಸ್ ಸ್ಟ್ಯಾಂಡಿನ ಆಟೋ ಹತ್ತಿದಳು. “ಬರ್ತೀನವ್ವ” ಅಂದಳು, ಅಷ್ಟೇ. ಮನೆಯಲ್ಲಿ ಇನ್ನೊಂದಿಲ್ಲದವರಲ್ಲಿ ನಾಲ್ಕು ಜನ ಮಾತ್ರ ಬರಿಗೈಯಲ್ಲಿ ಹೋಗಬೇಕಾಯಿತು. ಅವರ ಹೆಸರನ್ನು ಅವರೆದುರಿಗೇ ಹೊಸ ಪಟ್ಟಿಯ ತಲೆಗೆ ಬರೆದೆ.

ಮೂರು ಗಂಟೆಗೆ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದೆ. ವಾರಗಳಿಂದ ಅನ್ನ ರುಚಿಸಿರಲಿಲ್ಲ; ಅವತ್ತು ತಣ್ಣಗಾದ ಚಿತ್ರಾನ್ನವನ್ನು ಒಂದಗಳೂ ಬಿಡದೆ ತಿಂದೆ. ಮೂರನೆಯ ದಿನ ಪೂರ್ತಿ ಲೋಡು ಬಂತು. ಆ ನಾಲ್ವರಿಗೂ ನಾನೇ ಹೇಳಿಕಳಿಸಿದೆ.