ಭರವಸೆ ಅಕ್ಕ

ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ಚಿಕಿತ್ಸೆಯ ಆ ಖಾಸಗಿ ಕ್ಲಿನಿಕ್ಕಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ‘ಭರವಸೆ ಅಕ್ಕ’ ಎಂದೇ. ಡಾಕ್ಟರು ಬರೀ ಸೂಜಿ ಚುಚ್ಚುತ್ತಾರೆ; ಚುಚ್ಚಿಸಿಕೊಳ್ಳಲು ಜನರನ್ನು ಒಪ್ಪಿಸುವವಳು ಅವಳು. ಗೋಡೆಯ ತುಂಬ, ನಡೆಯಲಾರದೆ ಬಂದು ಆ ಸೂಜಿಯಿಂದ ಎದ್ದು ನಿಂತರೆನ್ನಲಾದ, ನಗುವ ಮಕ್ಕಳ ಫೋಟೋಗಳಿವೆ. ಅವರು ಯಾರ ಮಕ್ಕಳೋ ದೇವರಿಗೇ ಗೊತ್ತು, ಆದರೆ ಒಬ್ಬೊಬ್ಬರ ಕಥೆಯನ್ನೂ ತಾನೇ ಹೆತ್ತವಳಂತೆ ಹೇಳುತ್ತಾಳೆ. ‘ಗ್ಯಾರಂಟಿ’ ಎಂಬ ಮಾತು ಮಾತ್ರ ಅವಳ ಬಾಯಿಂದ ಅಪ್ಪಿತಪ್ಪಿಯೂ ಬರುವುದಿಲ್ಲ. ಪರವಾನಗಿ ಕೇಳುವ ಅಧಿಕಾರಿ ಬಂದರೆ, “ಇದು ಚಿಕಿತ್ಸೆ ಅಲ್ಲ ಸಾರ್, ಸಂಶೋಧನೆ” ಎನ್ನುತ್ತಾಳೆ. ಸಂಶೋಧನೆಯ ಫಲಿತಾಂಶ ಕೇಳುವವರು ಬಂದರೆ, “ಸಂಶೋಧನೆ ಎಲ್ಲಿ ಬಂತು ಸಾರ್, ಇದು ಚಿಕಿತ್ಸೆ” ಎನ್ನುತ್ತಾಳೆ. ಅನುಮಾನದಿಂದ ಕೂತ ತಾಯಂದಿರಿಗೆ ಬೇರೆಯದೇ ದನಿ: “ಕೈಕಟ್ಟಿ ಕೂತ್ರೆ ನಾಳೆ ನಿಮ್ಮ ಮನಸ್ಸು ಸುಮ್ಮನಿರುತ್ತಾ, ತಾಯಿ?” ಅವರಲ್ಲೊಬ್ಬಳು “ನಿಮ್ಮ ಮಗು ಆಗಿದ್ರೆ ಕೊಡಿಸ್ತಿದ್ರಾ?” ಎಂದು ಕೇಳಿಯೇ ಕೇಳುತ್ತಾಳೆ. “ಕಣ್ಣು ಮುಚ್ಚಿ ಕೊಡಿಸ್ತಿದ್ದೆ” ಎನ್ನುತ್ತಾಳೆ ಅಕ್ಕ, ರೆಪ್ಪೆ ಮಿಟುಕಿಸದೆ. ಸಂಜೆ ಮನೆಗೆ ಹೋಗಿ, ಹುಟ್ಟಿದಾಗಿನಿಂದ ನಡೆಯಲಾರದ ಮಗನನ್ನು ಎತ್ತಿ ಬಚ್ಚಲಲ್ಲಿ ಕೂರಿಸಿ ಮೈ ತೊಳೆಯುತ್ತಾಳೆ. ಸಿಬ್ಬಂದಿಯ ಮಕ್ಕಳಿಗೆ ಆ ಸೂಜಿ ಪುಕ್ಕಟೆ ಎಂಬುದು ಅವನಿಗೂ ಗೊತ್ತು. “ಅಮ್ಮಾ, ನಂಗ್ಯಾವಾಗ ಹಾಕಿಸ್ತೀಯ?” ಎಂದು ಅವನು ಕೇಳಿದರೆ ಸಾಕು, “ಬಿಡ್ತು ಅನ್ನೋ!” ಎಂದು ಬೆಚ್ಚಿ, ಸೋಪಿನ ಕೈಯಿಂದಲೇ ಅವನ ಬಾಯಿ ಮುಚ್ಚುತ್ತಾಳೆ.