ಮಗ್ಗದ ಗೋಡೆಯ ಮೇಲಿದ್ದ ಸಂಖ್ಯೆ

ಬೆಟಗೇರಿಯ ಮನೆಯಲ್ಲಿ ಇಂದು ಹಳೆಯ ಮಗ್ಗದ ಕುಣಿಗೆ ಮಣ್ಣು ತುಂಬಿ ಮುಚ್ಚಿಸುವಾಗ ಗೋಡೆಯ ಸುಣ್ಣ ಉದುರಿತು. ಒಳಗಿಂದ ಮಸಿಯಲ್ಲಿ ಬರೆದ ಉದ್ದನೆಯ ಸಂಖ್ಯೆಯೊಂದು ಹೊರಬಂತು.

ನೇಯ್ದ ಪ್ರತಿ ಸೀರೆಯ ಎಳೆಗಳ ಲೆಕ್ಕವನ್ನು ಅಪ್ಪ ಆ ಗೋಡೆಯ ಮೇಲೆ ಬರೆದಿಡುತ್ತಿದ್ದ. ಗಣಿತ ಓದಲು ಕಾಲೇಜಿಗೆ ಹೋಗುತ್ತೇನೆಂದು ಅಕ್ಕ ಹಟ ಹಿಡಿದಾಗ, ಆ ಅಂಕಿಗಳನ್ನೆಲ್ಲ ಒಂದೇ ಸಾಲಿನಲ್ಲಿ ಜೋಡಿಸಿದ. ಎರಡರಿಂದ ಭಾಗವಾಗದಿರಲೆಂದು ಕೊನೆಗೆ ಏಳನ್ನು ಸೇರಿಸಿದ.

"ಒಂದನ್ನ ಬಿಟ್ಟು ಬ್ಯಾರೆ ಯಾವದರ ಸಂಖ್ಯೆಲೆ ಇದನ್ನ ಶೇಷ ಉಳೀದಂಗ ಭಾಗಿಸಿ ತೋರ್ಸು, ಕಾಲೇಜಿಗೆ ಕಳಸ್ತೀನಿ."

"ಇದು ಭಾಗ ಆಗೂದು ಖರೆ ಏನಪ್ಪಾ?"

"ನನಗೇನ್ ಗೊತ್ತಲೇ! ಶಾಣ್ಯಾಕಿ ನೀನ ಅಲ್ಲೇನು?"

ಗಂಜಿ ಹಾಕಿದ ನೂಲಿನ ಹುಳಿ ವಾಸನೆಯ ನಡುವೆ ಕುಳಿತು ಅಕ್ಕ ಮೂರು, ಏಳು, ಹನ್ನೊಂದು ಎಂದು ಭಾಗಿಸುತ್ತ ಹೋದಳು. ಪ್ರತಿ ಸಲವೂ ಶೇಷ ಉಳಿಯುತ್ತಿತ್ತು. ಅಷ್ಟರಲ್ಲಿ ಅಪ್ಪ ಅವಳನ್ನು ಮುಂಡರಗಿಗೆ ಮದುವೆ ಮಾಡಿಕೊಟ್ಟ. ಚೊಚ್ಚಲ ಹೆರಿಗೆಯಲ್ಲಿ ಅವಳು ತೀರಿಕೊಂಡಳು.

ಇಂದು ಆ ಸಂಖ್ಯೆಯನ್ನು ಮೊಬೈಲಿಗೆ ಹಾಕಿದೆ. ಅದು ಭಾಜ್ಯ ಸಂಖ್ಯೆಯೇ. ಆದರೆ ಅದಕ್ಕಿರುವುದು ಎರಡೇ ಅವಿಭಾಜ್ಯ ಅಪವರ್ತನಗಳು, ಎರಡೂ ಬಹಳ ಉದ್ದ.

"ಭಾಗ ಆತೇನು?" ಕುರ್ಚಿಯಲ್ಲಿದ್ದ ಅಪ್ಪ ಕೇಳಿದ.

"ಆತಪ್ಪಾ."

"ಆಕಿ ಕೈಲೆ ಆಗ್ತಿತ್ತೇನು?"

"ಇಡೀ ಆಯುಷ್ಯ ಕುಂತ್ರೂ ಯಾರ ಕೈಲೂ ಆಗ್ತಿರಲಿಲ್ಲ."

ಅಪ್ಪ ಕುಣಿ ಮುಚ್ಚುತ್ತಿದ್ದ ಗೌಂಡಿಯನ್ನು ಕರೆದು, ಗೋಡೆಯ ಮೇಲಿನ ಸಂಖ್ಯೆಯತ್ತ ಕೈ ತೋರಿಸಿ ಹೇಳಿದ, "ಮೊದಲ ಅಲ್ಲಿ ಸುಣ್ಣಾ ಹಚ್ಚು."