ಸದ್ದು ಮಾಡದ ಶೇಂಗಾ

ಶೇಂಗಾ ಖರೀದಿಗೆ ನಮ್ಮ ರಾಯಚೂರು ಕಡೆಯ ಜಾಲಹಳ್ಳಿಗೆ ಓಡಾಡುತ್ತಿದ್ದ ದಿನಗಳು ಈಗಲೂ ನೆನಪಾಗುತ್ತವೆ. ಒಮ್ಮೆ ಬಸಮ್ಮ ಎಂಬ ಮುದುಕಿಯ ಹೊಲದಲ್ಲಿ ಎಳೆಯ ಬೆಳೆ ಬಾಡಿತ್ತು. ಬಾವಿಯಲ್ಲಿ ನೀರಿದ್ದರೂ ಆಕೆ ಹಾಯಿಸಿರಲಿಲ್ಲ.

“ಯವ್ವಾ, ಕಾಳು ಸೊರಗಿದ್ರ ಬೀಜಕ್ಕ ನಾ ಒಯ್ಯಂಗಿಲ್ಲ ನೋಡು,” ಎಂದೆ.

“ಈಗ ಕುಡಿಸಿದ್ರ ಬೇರು ಮ್ಯಾಲೇ ಕುಂದರ್ತದ. ತಡಿ ಯಪ್ಪಾ, ಕೆಳಗ ಇಳೀಲಿ. ಹೂವಿಗೆ, ಕಾಯಿಗೆ ನೀರು ಇಟ್ಟೀನಿ,” ಎಂದಳು.

ಸುಗ್ಗಿಗೆ ಹೋದಾಗ ಒಂದು ಹಿಡಿ ಒಣಗಿದ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಕಾಳು ಸೊರಗಿದ್ದರೆ ಗಲಗಲ ಅನ್ನಬೇಕು, ಸದ್ದೇ ಇಲ್ಲ.

“ಕಿವಿ ಕೆಟ್ಟಾವೇನು ಸಾವ್ಕಾರ?” ಎಂದು ಬಸಮ್ಮ ನಕ್ಕಳು. ಅಷ್ಟೂ ಚೀಲ ಬೀಜಕ್ಕೇ ತೂಗಿಸಿಕೊಂಡೆ.

ಈಗ ರಾಯಚೂರಿನ ನಮ್ಮ ಅಂಗಡಿಯಲ್ಲಿ ಕಾಯಿ ಪರೀಕ್ಷಿಸಲು ಯಂತ್ರವಿದೆ. ನಾನು ಮಾತ್ರ ಕಿವಿಗೇ ಹಿಡಿಯುತ್ತೇನೆ. ಹೊಸ ಗಿರಾಕಿಗಳು ನಾನು ಫೋನಿನಲ್ಲಿದ್ದೇನೆ ಎಂದುಕೊಂಡು ಸುಮ್ಮನೆ ನಿಲ್ಲುತ್ತಾರೆ.